‘ಯಾವುದೇ ಪದವಿ’ ಎಂಬ ಎರಡು ಪದಗಳ ಬಗ್ಗೆ ಸಚಿವರಿಗೊಂದು ಬಹಿರಂಗ ಪತ್ರ

ರಾಜ್ಯದ ಉನ್ನತ ಶಿಕ್ಷಣ ಸಚಿವರಿಗೆ ಹಾಗೂ ಕೌಶಲ್ಯಾಭಿವೃದ್ಧಿ ಸಚಿವರಿಗೆ,

ಮಾನ್ಯರೆ,

ನಾನು ದಾವಣಗೆರೆಯಲ್ಲಿ ಮೋಟರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡವನು. ಪಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ ಇಪ್ಪತ್ತೇಳು ವರ್ಷಗಳಿಂದ ಸುಟ್ಟ ಮೋಟರ್‌ಗಳ ನಡುವೆ ಬದುಕುತ್ತಿದ್ದೇನೆ. ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯ ರೈತರು ಬೋರ್‌ವೆಲ್‌ನಿಂದ ಎತ್ತಿದ ಮೋಟರನ್ನು ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಬಂದು ನನ್ನ ಬಾಗಿಲಿಗೆ ಇಳಿಸುತ್ತಾರೆ. ಅಲ್ಲಿ ತೋಟ ಒಣಗುತ್ತಿರುತ್ತದೆ. ಹಾಗಾಗಿ ಅವರ ಬಾಯಿಂದ ಬರುವ ಮೊದಲ ಮಾತು ನಮಸ್ಕಾರವಲ್ಲ, ‘ಯಾವಾಗ ಕೊಡುತ್ತೀಯಪ್ಪಾ?’ ಎಂಬುದು.

ತಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯಲು ಕಾರಣವಿದೆ. ಪದವಿ ಒಬ್ಬರ ಖಾತೆ, ಕೈಕೆಲಸ ಇನ್ನೊಬ್ಬರ ಖಾತೆ. ನನ್ನ ಅಂಗಡಿಯಲ್ಲಿ ಮಾತ್ರ ಎರಡೂ ಒಂದೇ ಬೆಂಚಿನ ಮೇಲೆ ಕುಳಿತಿವೆ.

ಬೆಂಚಿನ ಈ ತುದಿಯಲ್ಲಿರುವವನು ಜಗಳೂರು ತಾಲ್ಲೂಕಿನ ಹುಡುಗ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು. ಮತ್ತೆರಡು ಸಲ ಕಟ್ಟಿದ, ಎರಡು ಸಲವೂ ಹೋಯಿತು. ಹದಿನೇಳನೆಯ ವಯಸ್ಸಿಗೆ ನನ್ನಲ್ಲಿಗೆ ಬಂದವನಿಗೆ ಈಗ ಇಪ್ಪತ್ತಾರು. ಆ ತುದಿಯಲ್ಲಿರುವವನು ಇತಿಹಾಸದಲ್ಲಿ ಎಂ.ಎ. ಮಾಡಿದ್ದಾನೆ. ಬೆಳಿಗ್ಗೆ ಗ್ರಂಥಾಲಯದಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾನೆ. ಮಧ್ಯಾಹ್ನದ ಮೇಲೆ ರೂಮಿನ ಬಾಡಿಗೆ ಹುಟ್ಟಿಸಿಕೊಳ್ಳಲು ನನ್ನಲ್ಲಿ ಬಿಲ್ಲು ಬರೆಯುತ್ತಾನೆ, ಬಿಚ್ಚಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿಡುತ್ತಾನೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅಸೂಯೆಯಿಲ್ಲ. ಸಂಜೆ ಒಂದೇ ಕಾಗದದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ.

ಜಗಳೂರಿನವನ ಕೆಲಸವನ್ನು ತಾವು ಒಮ್ಮೆ ನಿಂತು ನೋಡಬೇಕು. ನೀರಿನೊಳಗೆ ಓಡುವ ಮೋಟರ್ ಅದು, ಮನೆಯ ಫ್ಯಾನಿನಂತಲ್ಲ. ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿಯನ್ನು ಮೋಟರಿನ ತಿರುಗದ ಭಾಗವಾದ ಸ್ಟೇಟರಿನ ಒಂದೊಂದು ಸ್ಲಾಟಿನಲ್ಲೂ ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ ಕೈಯಲ್ಲೇ ಪೋಣಿಸಿ ಎಳೆಯಬೇಕು. ಎಳೆಯುವಾಗ ಉಕ್ಕಿನ ಅಂಚಿಗೆ ತಾಗಿ ಹೊದಿಕೆ ಕೂದಲೆಳೆಯಷ್ಟು ತರಚಿದರೂ ಸಾಕು, ಆರುನೂರು ಅಡಿ ಕೆಳಗೆ ನೀರಿಗಿಳಿದ ಮೇಲೆ ಮೋಟರಿನ ಮೈಗೇ ಕರೆಂಟು ಬರುತ್ತದೆ, ರೈತ ಮತ್ತೆ ಮೋಟರ್ ಎತ್ತಿಸಬೇಕಾಗುತ್ತದೆ. ಸುತ್ತಿನ ಲೆಕ್ಕ ತಪ್ಪಿದರೆ ಮೂರು ಫೇಸುಗಳ ಆಂಪಿಯರ್ ಸಮ ಬರುವುದಿಲ್ಲ. ವೈಂಡಿಂಗ್ ಮುಗಿದ ಮೇಲೆ ರಾತ್ರಿಯಿಡೀ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್ ಹಿಡಿಯುತ್ತೇವೆ. ಅದರ ಮುಳ್ಳು ನಿಲ್ಲಬೇಕಾದ ಕಡೆ ನಿಂತರೆ ಮೋಟರಿಗೆ ಪಾಸು, ಇಲ್ಲವಾದರೆ ನಪಾಸು. ಈ ಪರೀಕ್ಷೆಗೆ ಗ್ರೇಸ್ ಅಂಕಗಳಿಲ್ಲ. ಗಣಿತದಲ್ಲಿ ಮೂರು ಸಲ ಹೋದವನು ನನ್ನ ಅಂಗಡಿಯಲ್ಲಿ ಸುತ್ತಿನ ಲೆಕ್ಕ ತಪ್ಪಿದ್ದು ಕಳೆದ ಐದು ವರ್ಷಗಳಲ್ಲಿ ನನಗೆ ನೆನಪಿಲ್ಲ.

ಮೋಟರ್ ಬಿಚ್ಚಿದ ಕೂಡಲೇ ಸುಟ್ಟ ಕಾರಣವನ್ನೂ ಹೇಳುತ್ತಾನೆ. ಎರಡು ಫೇಸು ಕರಗಿ ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿದಿದ್ದರೆ, ‘ಲೈನಿನಲ್ಲಿ ಒಂದು ಫೇಸ್ ಹೋಗಿತ್ತು, ಗೌಡರೆ, ನೀವು ನೋಡಿಲ್ಲ’ ಎನ್ನುತ್ತಾನೆ. ಮೂರೂ ಒಂದೇ ಸಮ ಸುಟ್ಟಿದ್ದರೆ ವೋಲ್ಟೇಜ್ ಕುಸಿದಿರಬೇಕು, ಇಲ್ಲವೇ ಪಂಪು ಬಿಗಿಯಾಗಿರಬೇಕು. ಹತ್ತು ಎಚ್‌ಪಿವರೆಗೆ ಉಚಿತ ವಿದ್ಯುತ್ತು, ದಿನಕ್ಕೆ ಏಳು ತಾಸು ತ್ರೀಫೇಸ್. ಕರೆಂಟು ಬಂದ ಕ್ಷಣವೇ ಊರಿನ ಆಟೊ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಾನೇ ಏನು ಮಾಡೀತು ಎಂದು ರೈತರಿಗೇ ಪಾಠ ಹೇಳುತ್ತಾನೆ.

2024ರ ಕೊನೆಯ ತಿಂಗಳುಗಳಲ್ಲಿ ವಿದ್ಯುತ್ ಪ್ರಸರಣ ನಿಗಮ ಮತ್ತು ವಿದ್ಯುತ್ ಹಂಚುವ ಕಂಪನಿಗಳಾದ ಎಸ್ಕಾಂಗಳಲ್ಲಿ ಕಿರಿಯ ಸ್ಟೇಷನ್ ಪರಿಚಾರಕ, ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದರು, ಒಟ್ಟು 2,975. ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಎಂಟು ಮೀಟರ್ ಕಂಬ ಹತ್ತಬೇಕು, ಓಡಬೇಕು, ಗುಂಡು ಎಸೆಯಬೇಕು, ಆಮೇಲೆ ಹತ್ತನೆಯ ತರಗತಿಯ ಅಂಕಗಳ ಮೇಲೆ ಆಯ್ಕೆ. ಬೆಂಚಿನ ಮೇಲಿನ ಇಬ್ಬರಲ್ಲಿ ಅರ್ಜಿ ಹಾಕಿದವನು ಎಂ.ಎ. ಪದವೀಧರ. ಕಂಬ ಹತ್ತುವಾಗ ಮೊಣಕಾಲು ಎಲ್ಲಿ ಒತ್ತಬೇಕು, ಇಳಿಯುವಾಗ ಅಂಗೈ ಸುಡದಂತೆ ಹೇಗೆ ಹಿಡಿಯಬೇಕು ಎಂದು ಅವನಿಗೆ ತಿಂಗಳುಗಟ್ಟಲೆ ಹೇಳಿಕೊಟ್ಟವನು ಜಗಳೂರಿನವನು. ಶಿಷ್ಯ ಕಂಬದ ಮುಕ್ಕಾಲು ಭಾಗ ಹತ್ತಿ ಇಳಿದು ಬಂದ. ಗುರುವಿಗೆ ಕಂಬದ ಹತ್ತಿರ ಹೋಗುವ ಅರ್ಹತೆಯೇ ಇರಲಿಲ್ಲ.

ಒಳ್ಳೆಯ ಬದುಕಿಗೆ ಪದವಿ ಬೇಕೇ ಬೇಡವೇ ಎಂದು ಈಗೀಗ ಎಲ್ಲ ಕಡೆ ಚರ್ಚೆ ನಡೆಯುತ್ತದೆ. ಬೇಡವೆನ್ನುವವರು ಕಾಲೇಜು ಬಿಟ್ಟು ಕೋಟ್ಯಧಿಪತಿಗಳಾದ ನಾಲ್ಕು ಜನರ ಹೆಸರು ಹೇಳುತ್ತಾರೆ. ನನ್ನ ಕಣ್ಣಿಗೆ ಅವರು ಲಾಟರಿ ಹೊಡೆದವರಂತೆ ಕಾಣುತ್ತಾರೆ, ಅವರನ್ನು ನಂಬಿ ಯಾರೂ ಮಕ್ಕಳ ಶಾಲೆ ಬಿಡಿಸಬಾರದು. ಬೇಕೆನ್ನುವವರು ‘ಒಂದು ಡಿಗ್ರಿ ಇರಲಿ, ಎಲ್ಲಾದರೂ ಬೇಕಾಗುತ್ತದೆ’ ಎನ್ನುತ್ತಾರೆ. ನಾನು ಕೇಳುವುದು ಈ ‘ಎಲ್ಲಾದರೂ’ ಎಂಬುದು ಎಲ್ಲಿದೆ ಎಂದು. ಹುಡುಕಿಕೊಂಡು ಹೋದರೆ ಅದು ಬಹಳ ಮಟ್ಟಿಗೆ ತಮ್ಮ ಸರ್ಕಾರದ ಅಧಿಸೂಚನೆಗಳಲ್ಲೇ ಸಿಗುತ್ತದೆ. ವಿದ್ಯಾರ್ಹತೆ ಎಂಬ ಕಲಂ. ಅದರ ಮುಂದೆ, ‘ಅಂಗೀಕೃತ ವಿಶ್ವವಿದ್ಯಾಲಯದಿಂದ ಯಾವುದೇ ಪದವಿ’.

ವೈದ್ಯನಿಗೆ ಎಂಬಿಬಿಎಸ್ ಕೇಳಿ, ಯಾರು ಬೇಡವೆನ್ನುತ್ತಾರೆ? ಸೇತುವೆ ಕಟ್ಟುವವನಿಗೆ ಸಿವಿಲ್ ಬಿ.ಇ. ಕೇಳಿ. ಅಲ್ಲಿ ಓದು ಬೇರೆಯಲ್ಲ, ಕೆಲಸ ಬೇರೆಯಲ್ಲ. ‘ಯಾವುದೇ’ ಎಂದು ಬರೆದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಭೂಗೋಳವಾದರೂ ಸರಿ, ಗೃಹವಿಜ್ಞಾನವಾದರೂ ಸರಿ ಎಂದಮೇಲೆ ಆ ಹುದ್ದೆಗೆ ಬೇಕಾದದ್ದು ಓದಿದ ವಿಷಯವಲ್ಲ ಎಂದು ಬರೆದವರೇ ಒಪ್ಪಿಕೊಂಡ ಹಾಗಾಯಿತು. ಪ್ರಥಮ ದರ್ಜೆ ಸಹಾಯಕನಿಗೆ ಪದವಿ ಬೇಕು, ದ್ವಿತೀಯ ದರ್ಜೆ ಸಹಾಯಕನಿಗೆ ಪಿಯುಸಿ ಸಾಕು. ಸರಿ. ಆದರೆ ಪಿಯುಸಿಯ ಮೇಲೆ ದ್ವಿತೀಯ ದರ್ಜೆಗೆ ಸೇರಿದವರು ವರ್ಷಗಳ ಸೇವೆಯ ನಂತರ ಬಡ್ತಿ ಪಡೆದು ಪ್ರಥಮ ದರ್ಜೆಗೆ ಹೋಗುವುದನ್ನು ನಾವು ಎಷ್ಟೋ ಕಚೇರಿಗಳಲ್ಲಿ ನೋಡಿದ್ದೇವೆ. ಅದೇ ಕುರ್ಚಿ, ಅದೇ ಕಡತ. ಕೆಲಸ ಮಾಡಿ ಕಲಿತವನಿಗೆ ಆ ಕುರ್ಚಿ ಸಲ್ಲುತ್ತದೆ ಎಂದು ಸರ್ಕಾರಕ್ಕೇ ಗೊತ್ತಿದ್ದಮೇಲೆ ಹೊರಗಿನಿಂದ ಬರುವವನ ಕೈಯಲ್ಲಿ ಮಾತ್ರ ಮೂರು ವರ್ಷದ ಕಾಗದ ಏಕೆ?

ಉತ್ತರ ನನಗೆ ಗೊತ್ತು, ಏಕೆಂದರೆ ನಾನೂ ಅದೇ ತಪ್ಪು ಮಾಡಿದ್ದೇನೆ. ಆರು ವರ್ಷದ ಹಿಂದೆ ಅಂಗಡಿಯ ಲೆಕ್ಕಪತ್ರಕ್ಕೆ ಒಬ್ಬರು ಬೇಕಾದಾಗ ‘ಬಿ.ಕಾಂ. ಆದವರು ವಿಚಾರಿಸಿ’ ಎಂದು ಷಟರಿನ ಮೇಲೆ ಚೀಟಿ ಅಂಟಿಸಿದೆ. ನನ್ನ ವ್ಯವಹಾರವೋ, ದಿನಕ್ಕೆ ನಾಲ್ಕು ಬಿಲ್ಲು, ತಿಂಗಳಿಗೊಂದು ಜಿಎಸ್‌ಟಿ ರಿಟರ್ನ್. ಅದಕ್ಕೆ ಬಿ.ಕಾಂ. ಏಕೆ ಎಂದು ಹೆಂಡತಿ ಕೇಳಿದಳು. ‘ಇಲ್ಲದಿದ್ದರೆ ಐವತ್ತು ಜನ ಬಂದು ನಿಲ್ಲುತ್ತಾರೆ, ಎಲ್ಲರನ್ನೂ ಯಾರು ಪರೀಕ್ಷಿಸುವುದು’ ಎಂದೆ. ಇದಿಷ್ಟೇ ಅದರ ತಿರುಳು. ಜನ ಹೆಚ್ಚು, ನಮಗೆ ಪುರುಸೊತ್ತು ಕಡಿಮೆ, ಹಾಗಾಗಿ ಒಂದು ಜರಡಿ ಬೇಕು. ನನಗೆ ಆ ಜರಡಿ ಪುಕ್ಕಟೆ ಸಿಕ್ಕಿತು. ಅದರ ದುಡ್ಡು ಕೊಟ್ಟವರು ಬಾಗಿಲಿಗೆ ಬಂದ ಮಕ್ಕಳು: ಮೂರು ವರ್ಷ, ಶುಲ್ಕ, ಹಾಸ್ಟೆಲ್ಲು, ದಿನದ ಬಸ್ಸು. ಕೊನೆಗೆ ನಾನು ಆರಿಸಿಕೊಂಡದ್ದು ಟ್ಯಾಲಿ ಗೊತ್ತಿದ್ದ ಪಿಯುಸಿ ಹುಡುಗಿಯನ್ನು. ಮದುವೆಯಾಗಿ ಹಾವೇರಿಗೆ ಹೋಗುವವರೆಗೂ ಒಂದು ರೂಪಾಯಿ ಲೆಕ್ಕ ತಪ್ಪಲಿಲ್ಲ. ಬಿ.ಕಾಂ. ಮಾಡಿದ ಹದಿನೇಳು ಜನರನ್ನು ವಾಪಸ್ ಕಳಿಸಿದ್ದೆ. ಚೀಟಿ ಅಂಟಿಸಿದವನು ನಾನೇ ಎಂಬ ನಾಚಿಕೆ ಇನ್ನೂ ಹೋಗಿಲ್ಲ.

ಈ ಊರಿನ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ, ಸಹಿಸಿಕೊಳ್ಳಬೇಕು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ನನ್ನ ತಂದೆ ಹತ್ತಿಗಿರಣಿಯಲ್ಲಿದ್ದರು. ಪಾಳಿ ಮುಗಿಸಿ ಬಂದಾಗ ಅವರ ಹುಬ್ಬಿನ ಮೇಲೆ ಹತ್ತಿಯ ಎಳೆ ಕುಳಿತಿರುತ್ತಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಕಾಲೇಜುಗಳು ಒಂದೊಂದಾಗಿ ಬಾಗಿಲು ತೆರೆದವು. ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಷ್ಟು ಹಿಂದೆಯೇ ಬಂದಿತ್ತು. ಆಮೇಲೆ ವೈದ್ಯಕೀಯ, ದಂತವೈದ್ಯಕೀಯ, ಇನ್ನಷ್ಟು ಎಂಜಿನಿಯರಿಂಗ್. 2009ರಲ್ಲಿ ತೋಳಹುಣಸೆಯಲ್ಲಿ ನಮ್ಮದೇ ವಿಶ್ವವಿದ್ಯಾಲಯ. ಬಟ್ಟೆಯ ಊರು ಪದವಿಯ ಊರಾಯಿತು. ಕಾಲೇಜು ಕಟ್ಟಿದವರ ಬಗ್ಗೆ ನನಗೆ ಗೌರವವಿದೆ, ನನ್ನ ಮಗಳು ಓದಿದ್ದೂ ಈ ಊರಿನಲ್ಲೇ. ಆದರೆ ಗಿರಣಿ ಇದ್ದಾಗ ಕೆಲಸ ಕಲಿಸುವ ಜಾಗವೂ ಕೆಲಸ ಕೊಡುವ ಜಾಗವೂ ಒಂದೇ ಆಗಿತ್ತು. ಕಾಲೇಜಿನಿಂದ ಹೊರಬಂದವರು ಬೆಂಗಳೂರಿನ ರೈಲಿಗೆ ನಿಲ್ಲುತ್ತಾರೆ.

‘ನನ್ನ ಹಾಗೆ ಆಗಬೇಡ’ ಎಂದ ತಂದೆಯೇ ನನ್ನನ್ನು ಐಟಿಐಗೆ ಸೇರಿಸಿದರು, ಎಲೆಕ್ಟ್ರಿಷಿಯನ್ ಟ್ರೇಡ್. ಬಿ.ಎಸ್ಸಿ.ಗೆ ಸೇರಿಸಲು ಅವರಲ್ಲಿ ದುಡ್ಡಿರಲಿಲ್ಲ. ಎರಡು ವರ್ಷ ಓದು, ಒಂದು ವರ್ಷ ಹರಿಹರದ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್. ಅಲ್ಲಿನ ಮೇಸ್ತ್ರಿ ಮೊದಲ ಒಂದು ತಿಂಗಳು ನನಗೆ ಸ್ಪ್ಯಾನರ್ ಮುಟ್ಟಗೊಡಲಿಲ್ಲ. ‘ಮೊದಲು ಶಬ್ದ ಕೇಳುವುದನ್ನು ಕಲಿ’ ಎಂದರು. ಬೇರಿಂಗು ಹೋಗುವ ಮೊದಲು ಮೋಟರ್ ಹೇಗೆ ಕೂಗುತ್ತದೆ ಎಂಬುದು ನನಗೆ ಗೊತ್ತಾದದ್ದು ಹಾಗೆ.

ಇನ್ನು ಯುವನಿಧಿ. 2024ರ ಜನವರಿ 12ರಂದು ಪಕ್ಕದ ಶಿವಮೊಗ್ಗದಲ್ಲೇ ಅದಕ್ಕೆ ಚಾಲನೆ ಕೊಟ್ಟಿರಿ. ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವನಿಗೆ 1,500, ಎರಡು ವರ್ಷದವರೆಗೆ. ಕಷ್ಟದಲ್ಲಿರುವ ಮಕ್ಕಳಿಗೆ ದುಡ್ಡು ಕೊಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ನಿರುದ್ಯೋಗಿಯ ಹಸಿವಿನಲ್ಲೂ ದರ್ಜೆಯುಂಟೆ? ಡಿಪ್ಲೊಮಾ ಹುಡುಗನ ಹೊಟ್ಟೆ ಅರ್ಧದಷ್ಟೇ ಇದೆಯೆ? ಎರಡು ವರ್ಷ ಫಿಟ್ಟರ್ ಕೆಲಸ ಕಲಿತ ಐಟಿಐ ಹುಡುಗನ ಹೆಸರಿಗೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. ಯಾವ ಓದಿಗೆ ಎಷ್ಟು ಬೆಲೆ ಎಂಬುದನ್ನು ತಂದೆತಾಯಿಗಳು ಇಂಥ ಕಡೆಯೇ ಓದಿಕೊಳ್ಳುತ್ತಾರೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ರೋಬಾಟು, ಸಿಎನ್‌ಸಿ ಯಂತ್ರಗಳನ್ನು ತಂದು ಕೂರಿಸಿದ್ದೂ ಸರ್ಕಾರವೇ. ಯಂತ್ರ ಬಂದಿದೆ, ಮಾನ ಬಂದಿಲ್ಲ.

ಪದವಿಯ ಮನೆಯೊಳಗಿನ ಸ್ಥಿತಿಯಾದರೂ ಚೆನ್ನಾಗಿದೆಯೇ ಎಂದರೆ, ಅಲ್ಲಿ ಪಾಠ ಹೇಳುವ ಅತಿಥಿ ಉಪನ್ಯಾಸಕರನ್ನೇ ಕೇಳಬೇಕು. ಎಂ.ಎ., ಪಿಎಚ್.ಡಿ., ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಎಲ್ಲ ಮುಗಿಸಿದವರು 2023ರ ನವೆಂಬರಿನಿಂದ ಪಾಠ ಬಿಟ್ಟು ಚಳಿಯಲ್ಲಿ ಧರಣಿ ಕುಳಿತಿದ್ದರು. ನನ್ನ ಮಗಳಿಗೆ ಆ ತಿಂಗಳುಗಳಲ್ಲಿ ಎರಡು ವಿಷಯಕ್ಕೆ ಪಾಠವೇ ನಡೆಯಲಿಲ್ಲ. ಅವಳ ತಂಡ ಸೇರುವಾಗ ಪದವಿ ನಾಲ್ಕು ವರ್ಷದ್ದು ಎಂದಿರಿ, ಅವರು ಮುಗಿಸಿದ ವರ್ಷ ಮತ್ತೆ ಮೂರಕ್ಕೆ ತಂದಿರಿ. ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪತ್ರಿಕೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದಿವೆ. ಎಕ್ಸೆಲ್ ಹಾಳೆಯಲ್ಲಿ ಕೂಡುವುದನ್ನು ಮಾತ್ರ ವಿದ್ಯಾನಗರದ ಟ್ಯೂಷನ್ನಿನಲ್ಲಿ ದುಡ್ಡು ಕೊಟ್ಟು ಕಲಿತಳು. ಈಗ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿದ್ದಾಳೆ, ಕೆಲಸ ಕೊಟ್ಟದ್ದು ಆ ಮೂರು ತಿಂಗಳ ಟ್ಯೂಷನ್ನು.

ಇಷ್ಟು ಬರೆದು ಮಗಳಿಗೆ ತೋರಿಸಿದೆ. ಓದಿ, ‘ಅಪ್ಪಾ, ಇದು ಗಂಡುಮಕ್ಕಳ ಪತ್ರ’ ಎಂದಳು. ನನಗೆ ಅರ್ಥವಾಗಲಿಲ್ಲ. ಅವಳ ತರಗತಿಯಲ್ಲಿ ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರ ವಿಷಯ ಹೇಳಿದಳು. ಪಿಯುಸಿ ಮುಗಿದ ದಿನವೇ ಮನೆಯಲ್ಲಿ ಗಂಡು ಹುಡುಕಲು ಶುರುಮಾಡುತ್ತಾರೆ. ‘ಡಿಗ್ರಿ ಓದುತ್ತಿದ್ದಾಳೆ’ ಎಂಬ ಒಂದು ಮಾತು ಮೂರು ವರ್ಷ ಆ ಮಾತುಕತೆಗೆ ತಡೆ ಹಾಕುತ್ತದೆ. 2023ರ ಜೂನಿನಿಂದ ಬಸ್ಸು ಉಚಿತವಾದ ಮೇಲೆ, ದೂರವೆಂದು ಬಿಡಿಸುವುದಕ್ಕೂ ನೆವ ಸಿಗದಂತಾಯಿತು. ಆ ಹುಡುಗಿಯರಿಗೆ ಬಿ.ಎ. ಪುಸ್ತಕದಲ್ಲಿ ಏನಿತ್ತು ಎಂಬುದು ಎರಡನೆಯ ಮಾತು. ಹದಿನೆಂಟರಿಂದ ಇಪ್ಪತ್ತೊಂದರವರೆಗೆ ತನ್ನದೆನ್ನಬಹುದಾದ ಮೂರು ವರ್ಷ ಮೊದಲ ಮಾತು. ‘ಐಟಿಐಗೆ ಹೋಗುತ್ತೇನೆ ಎಂದು ನಾನು ಕೇಳಿದ್ದರೆ ಕಳಿಸುತ್ತಿದ್ದೆಯಾ?’ ಎಂದೂ ಕೇಳಿದಳು. ಸುಮ್ಮನಾದೆ. ಅವಳು ಚಿಕ್ಕವಳಿದ್ದಾಗ ನನ್ನ ಬೆಂಚಿನ ಪಕ್ಕ ಕುಳಿತು ಹಳೆಯ ತಂತಿ ಸುತ್ತುತ್ತಿದ್ದಳು. ಏಳನೇ ತರಗತಿಗೆ ಬಂದಮೇಲೆ ನಾನೇ ಅಂಗಡಿಗೆ ಬರಬೇಡ ಎಂದಿದ್ದೆ.

ಆದ್ದರಿಂದ ಪದವಿ ಬೇಡ ಎಂದು ನಾನು ಬರೆಯಲಾರೆ. ಇನ್ನೊಂದು ವಿಷಯದಲ್ಲೂ ನ್ಯಾಯವಾಗಿ ಮಾತನಾಡಬೇಕು. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಗಳು ಓದು ಹೆಚ್ಚಿದವರಲ್ಲೇ ನಿರುದ್ಯೋಗ ಹೆಚ್ಚು ಎಂದು ತೋರಿಸುತ್ತಲೇ ಬಂದಿವೆ. ಅದನ್ನು ಹಿಡಿದು ‘ನೋಡಿ, ಓದಿ ಕೆಟ್ಟರು’ ಎನ್ನುವವರಿದ್ದಾರೆ. ಹಾಗಲ್ಲ. ಓದದವನಿಗೆ ಕೆಲಸವಿಲ್ಲದೆ ಕಾಯುವ ಅನುಕೂಲವೇ ಇಲ್ಲ, ನಾಳೆಯೇ ಹಮಾಲಿಗೆ ಹೋಗುತ್ತಾನೆ. ಓದಿದವನು ಒಳ್ಳೆಯದಕ್ಕೆ ಕಾಯುತ್ತಾನೆ. ಸಿಕ್ಕಿದರೆ ಅವನ ಸಂಬಳ ಜಗಳೂರಿನವನದಕ್ಕಿಂತ ಹೆಚ್ಚೇ ಇರುತ್ತದೆ, ಜೊತೆಗೆ ರಜೆ, ಪಿ.ಎಫ್. ನನ್ನ ಅಂಗಡಿಯಲ್ಲಿ ಪಿ.ಎಫ್. ಇಲ್ಲ, ಅದೂ ನಿಜ. ಕಾಯುವ ವರ್ಷಗಳೇ ನನ್ನ ತಕರಾರು. ಎಂ.ಎ. ಹುಡುಗನಿಗೆ ಮೂವತ್ತು ತುಂಬುತ್ತಿದೆ. ಪರೀಕ್ಷೆ ಮುಂದೆ ಹೋದರೆ ಅವನೂ ಮುಂದೆ ಹೋಗುತ್ತಾನೆ, ವಯಸ್ಸು ಮಾತ್ರ ಯಾರಿಗೂ ಕಾಯುವುದಿಲ್ಲ.

ಮಗಳೇ ಇನ್ನೊಂದು ಸುದ್ದಿಯನ್ನೂ ಹುಡುಕಿ ಓದಿ ಹೇಳಿದಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗವರ್ನರ್ ಜೋಶ್ ಶಪಿರೊ 2023ರ ಜನವರಿಯಲ್ಲಿ ಅಧಿಕಾರಕ್ಕೆ ಬಂದವರೇ ಮೊದಲ ಆದೇಶದಲ್ಲಿ ರಾಜ್ಯ ಸರ್ಕಾರದ ಶೇ 92ರಷ್ಟು, ಅಂದರೆ ಸುಮಾರು 65,000 ಹುದ್ದೆಗಳಿಗೆ ನಾಲ್ಕು ವರ್ಷದ ಪದವಿ ಕಡ್ಡಾಯವಲ್ಲ ಎಂದರಂತೆ. ಅದಕ್ಕೂ ಮೊದಲು, 2022ರಲ್ಲಿ, ಮೇರಿಲ್ಯಾಂಡ್ ಇದೇ ದಾರಿ ಹಿಡಿದಿತ್ತು. ದೊಡ್ಡ ಕಂಪನಿಗಳೂ ಜಾಹೀರಾತಿನಿಂದ ಪದವಿ ತೆಗೆದವು. ನಾನು ಹಿಗ್ಗಿದೆ. ‘ಪೂರ್ತಿ ಕೇಳು’ ಎಂದಳು. 2024ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರೂ ಇನ್ನೊಂದು ಸಂಸ್ಥೆಯವರೂ ಸೇರಿ ಲೆಕ್ಕ ಹಾಕಿದರೆ, ಈ ಬದಲಾವಣೆಯಿಂದ ನಿಜವಾಗಿ ಲಾಭವಾದದ್ದು ಏಳುನೂರು ನೇಮಕಾತಿಗಳಲ್ಲಿ ಒಂದಕ್ಕೂ ಇಲ್ಲವಂತೆ. ಜಾಹೀರಾತಿನ ಸಾಲು ಅಳಿಸಿದರು, ಸಂದರ್ಶನಕ್ಕೆ ಕೂರುವವರ ಮನಸ್ಸು ಅಳಿಸಲಿಲ್ಲ.

ಅದಕ್ಕೇ ನಾನು ಸಾಲು ಅಳಿಸಿ ಎಂದಷ್ಟೇ ಕೇಳುತ್ತಿಲ್ಲ. ‘ಯಾವುದೇ ಪದವಿ’ ಎಂದು ಬರೆಯುವ ಪ್ರತಿ ಇಲಾಖೆಯೂ ಆ ಹುದ್ದೆಯ ದಿನದ ಕೆಲಸವೇನು, ಅದರಲ್ಲಿ ಪದವಿಯಿಂದ ಬರುವುದೇನು ಎಂಬುದನ್ನು ಅಧಿಸೂಚನೆಯಲ್ಲೇ ಎರಡು ಸಾಲಿನಲ್ಲಿ ಬರೆಯಲಿ. ಬರೆಯಲು ಆಗದಿದ್ದರೆ ಅಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾದವರಿಗೂ ಪರೀಕ್ಷೆಗೆ ಕೂರಲು ಬಿಡಲಿ. ಪರೀಕ್ಷೆ ಹೇಗಿದ್ದರೂ ಇದೆಯಲ್ಲ, ಜರಡಿಗೆ ಮೊದಲೇ ಇನ್ನೊಂದು ಜರಡಿ ಏಕೆ? ವಿದ್ಯುತ್ತು, ನೀರು, ಯಂತ್ರಕ್ಕೆ ಸಂಬಂಧಿಸಿದ ಹುದ್ದೆಗಳಿಗೆ ಅಂಕಪಟ್ಟಿಯ ಜೊತೆ ಒಂದು ದಿನ ಕೈಯಲ್ಲಿ ಕೆಲಸ ಮಾಡಿಸಿ ನೋಡಲಿ. ಜಗಳೂರಿನವನಂಥವರಿಗೆ, ಅಂಗಡಿಯಲ್ಲಿ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಯೋಜನೆ ಕಾಗದದ ಮೇಲೆ ಇದೆ. ಆ ಪತ್ರ ಹಿಡಿದು ಹೋದರೆ ಸರ್ಕಾರವೇ ಕೆಲಸಕ್ಕೆ ತೆಗೆದುಕೊಳ್ಳದಿದ್ದರೆ ಇನ್ನಾರು ತೆಗೆದುಕೊಳ್ಳುತ್ತಾರೆ? ಯುವನಿಧಿಯ ಪಟ್ಟಿಗೆ ಐಟಿಐಯ ಸಾಲನ್ನೂ ಸೇರಿಸಿ, ಎಲ್ಲರಿಗೂ ಒಂದೇ ಮೊತ್ತ ಮಾಡಿ. ಮನೆಯಲ್ಲಿ ಕುಳಿತವನ ಖಾತೆಗೆ ಹಾಕುವ ಹಣವನ್ನು ನನ್ನಂಥ ಸಣ್ಣ ಅಂಗಡಿಯಲ್ಲಿ ಕೆಲಸ ಕಲಿಯುವ ಅವಧಿಯ ಸ್ಟೈಪೆಂಡ್ ಆಗಿ ಕೊಟ್ಟರೂ ಆದೀತು. ಎಂ.ಎ. ಹುಡುಗನಿಗೆ ವೈಂಡಿಂಗ್ ಕಲಿಯುವ ಮನಸ್ಸಿದೆ, ಕಲಿಯುವ ಎರಡು ವರ್ಷ ಅವನಿಗೆ ಪೂರ್ತಿ ಸಂಬಳ ಕೊಡುವ ಶಕ್ತಿ ನನಗಿಲ್ಲ.

ಈ ಪತ್ರವನ್ನು ತಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಒಂದು ಪ್ರತಿಯನ್ನು ಅಂಗಡಿಯ ಷಟರಿನ ಮೇಲೆ, ಆ ಹಳೆಯ ಚೀಟಿ ಇದ್ದ ಜಾಗದಲ್ಲೇ ಅಂಟಿಸುತ್ತೇನೆ. ಜಿಲ್ಲೆಗೆ ಬಂದಾಗ ಹತ್ತು ನಿಮಿಷ ಬಿಡುವು ಮಾಡಿಕೊಂಡು ಇತ್ತ ಬಂದರೆ ಬೆಂಚಿನ ಮೇಲಿನ ಇಬ್ಬರನ್ನೂ ಪರಿಚಯಿಸುತ್ತೇನೆ. ಮಳೆಗಾಲದಲ್ಲಿ ಬರಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಬಂದರೆ ಬಾಗಿಲಲ್ಲಿ ಮೋಟರ್‌ಗಳು ಸಾಲುಗಟ್ಟಿರುತ್ತವೆ, ತಮಗೆ ಕುರ್ಚಿ ಹಾಕಲೂ ಜಾಗವಿರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೋಟರ್ ರಿವೈಂಡಿಂಗ್ ಅಂಗಡಿಯವನು
ದಾವಣಗೆರೆ